ವಾಗದರಿಯ ಮಾಳಢೋಕ

ಬೆಳಗಿನ ಆರರ ಬಸ್ಸಿಗೆ ನಾನು, ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಸುನಂದಾ, ಸೋಲಾಪುರ ಬಿಟ್ಟೆವು. ನವಿ ಪೇಠದ ನಮ್ಮ ಬಟ್ಟೆ ಅಂಗಡಿಗೆ ಅಂದು ರಜೆ, ಮನೆಯ ಗಂಡಸರು ಇನ್ನೂ ಮಲಗಿದ್ದರು. ಹೆಂಗಸರಿಗೆ ಅರ್ಧ ಟಿಕೀಟು. ಅಕ್ಕಲಕೋಟ ಮುಟ್ಟಲು ಒಂದು ತಾಸು ಹಿಡಿಯಿತು. ಅಲ್ಲಿ ಚಹಾ ಕುಡಿದು ವಾಗದರಿಯ ಜೀಪು ಹತ್ತಿದೆವು. ಚಳಿಗೆ ಇಬ್ಬರೂ ಒಂದೇ ಶಾಲು ಹೊದ್ದಿದ್ದೆವು.

ಹೊರಗಿನವರು ನೋಡಿದರೆ ಅಕ್ಕ–ತಂಗಿ ಎನ್ನಬೇಕು. ಆದರೆ ನನ್ನ ಹೊಟ್ಟೆಯಲ್ಲಿ ಬೆಂಕಿಯಿತ್ತು. ಹನ್ನೆರಡು ವರ್ಷದಿಂದ ಹಕ್ಕಿ ನೋಡುತ್ತಿದ್ದವಳು ನಾನು. ಆ ಮನೆಯಲ್ಲಿ ಅದು ನನ್ನೊಬ್ಬಳದೇ ಹುಚ್ಚಾಗಿತ್ತು. ಸುನಂದಾ ದುರ್ಬೀನು ಹಿಡಿದದ್ದೇ ಹೋದ ದೀಪಾವಳಿಗೆ. ಈಗ ನೆಂಟರು ಬಂದರೆ ಅವಳನ್ನೇ ಕೇಳುತ್ತಾರೆ, "ಯಾವ ಹೊಸಾ ಪಕ್ಷಿ ನೋಡಿದಿ?"

ಊರಾಚೆ ಎರಡು ಮೈಲಿ ನಡೆದರೆ ಕುರುಚಲು ಕಾಡು, ಅದರ ಅಂಚಿಗೆ ಹುಲ್ಲುಗಾವಲು. ಅಲ್ಲಿ ಕುರಿ ಮೇಯಿಸುತ್ತಿದ್ದ ಲಗಮವ್ವ ಎಂಬಾಕೆ ನಮ್ಮನ್ನು ತಡೆದಳು. ಹಣೆತುಂಬ ಬೀರೋಬಾ ದೇವರ ಭಂಡಾರದ ಅರಿಶಿನ.

"ಕಾಡಿನೊಳಗ ಹೋಗಬ್ಯಾಡ್ರಿ ಬಾಯಾರ. ತ್ವಾಳ ಅಂತೂ ಮೊದ್ಲಿಂದ ಅದಾವ. ಈಗ ಬಿಬಟ್ಯಾ ಬಂದೈತಿ. ನನ್ನ ಎರಡ ಕುರಿ ಒಯ್ದೈತಿ."

ಬಿಬಟ್ಯಾ ಎಂದರೆ ಚಿರತೆ. ಸುನಂದಾ ಶಾಲು ಬಿಗಿಹಿಡಿದಳು.

"ನಿಂತs ಅಡ್ಡಾಡ್ರಿ. ಕುಂಡ್ರಬ್ಯಾಡ್ರಿ. ಕುಂತ್ರ ಅದಕ್ಕ ನೀವು ಕುರಿ ಕಂಡಂಗ ಕಾಣತೀರಿ."

ಮಾಳಢೋಕ ಇದೆಯೇ ಎಂದು ಕೇಳಿದೆ. ಮಾಳಢೋಕ ಎಂದರೆ ಎರೆಭೂತ; ಸೊಂಟದೆತ್ತರ ನಿಲ್ಲುವ, ಈಗ ಎಲ್ಲೋ ಒಂದೆರಡು ಉಳಿದಿರುವ ಆ ಹಕ್ಕಿಗಾಗಿಯೇ ನಾನು ಇಷ್ಟು ವರ್ಷ ಅಲೆದದ್ದು. ಲಗಮವ್ವ ಕೋಲಿನಿಂದ ಪಶ್ಚಿಮದ ದಿಬ್ಬ ತೋರಿಸಿದಳು. "ನಿನ್ನಿ ಅಲ್ಲೇ ಇತ್ತ." ಅಷ್ಟರಲ್ಲಿ ಸುನಂದಾ ಹಿಂದೆ ಸರಿದು ಕುರಿಗಳ ಫೋಟೋ ತೆಗೆಯುತ್ತಿದ್ದಳು. ಕೇಳಿಸಿಕೊಳ್ಳಲಿಲ್ಲ.

ಮುಂದಿನ ಒಂದು ತಾಸಿನಲ್ಲಿ ಆಕೆಗೆ ನೀಲಕಂಠ ಕಂಡಿತು, ಎರಡು ಸೆಳೆವ ಗಿಡುಗ ಕಂಡವು, ಮರಿಗಳ ಸಮೇತ ಗೌಜಲಹಕ್ಕಿ ಕಂಡಿತು. ಪ್ರತಿಸಲ "ಅಕ್ಕಾ, ಇಲ್ನೋಡ್ರಿ" ಎಂದು ನನ್ನನ್ನು ಕರೆದಳು. ಪ್ರತಿಸಲ ನಾನು ಹೋಗುವುದರೊಳಗೆ ಹಕ್ಕಿ ಮಾಯವಾಗಿರುತ್ತಿತ್ತು. ಕೊನೆಗೆ ನಾನೆಂದೆ, "ನೀ ಹಳ್ಳದ ಕಡೆ ಹೋಗು, ನಾ ಈ ಕಡೆ ನೋಡತೀನಿ." ಆಕೆ ತಲೆಯಾಡಿಸಿ ಹೋದಳು. ನಾನು ದಿಬ್ಬ ಹತ್ತಿದೆ.

ಅಲ್ಲಿತ್ತು ಅದು. ನೂರು ಹೆಜ್ಜೆ ದೂರದಲ್ಲಿ, ಬಿಳಿ ಕುತ್ತಿಗೆ ಎತ್ತಿಕೊಂಡು, ಒಣಹುಲ್ಲಿನಲ್ಲಿ ಯಜಮಾನನ ಹಾಗೆ ನಡೆಯುತ್ತಿತ್ತು. ದುರ್ಬೀನಿನ ಗಾಜಿಗೆ ನನ್ನ ಕಣ್ಣೀರು ಹತ್ತಿತು. ಕರೆಯಲೇ ಎನ್ನಿಸಿತು. ಕರೆಯಲಿಲ್ಲ. ಇದೊಂದು ನನಗೇ ಇರಲಿ.

ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ, ಹಳ್ಳದ ದಂಡೆಯಲ್ಲಿ ಸುನಂದಾ ಯಾವುದೋ ಪುಟ್ಟ ಹಕ್ಕಿಯ ಫೋಟೋಕ್ಕೆ ಲಗಮವ್ವನ ಮಾತು ಮರೆತು ಕುಕ್ಕರಗಾಲಲ್ಲಿ ಕೂತಿದ್ದಳು. ಆಕೆಯ ಬೆನ್ನ ಹಿಂದಿನ ಜಾಲಿಕಂಟಿಯಲ್ಲಿ ಚಿರತೆ ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ಬಾಲದ ತುದಿ ಮಾತ್ರ ಅಲುಗುತ್ತಿತ್ತು.

ಒದರಿದರೆ ಹಕ್ಕಿ ಹಾರುತ್ತದೆ. ಹೌದು, ಆ ಕ್ಷಣದಲ್ಲೂ ಇದು ನನ್ನ ತಲೆಗೆ ಬಂತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ.

"ಸುನಂದಾ! ಎದ್ದ ನಿಂದರs! ಎದ್ದೇಳ!"

ಆಕೆ ಧಡಕ್ಕನೆ ಎದ್ದಳು. ಚಿರತೆ ಆಕೆಗೆ ಕಾಣದ ಹಾಗೆ ಹಿಂದೆ ಸರಿದು ಕಂಟಿಯೊಳಗೆ ಮರೆಯಾಯಿತು. ಮಾಳಢೋಕ ಭಾರದ ರೆಕ್ಕೆ ಬಡಿಯುತ್ತ ಎದ್ದು ನೇರ ಆಕೆಯ ತಲೆಯ ಮೇಲೇ ಹಾರಿಹೋಯಿತು. ಆಕೆ ಕ್ಯಾಮೆರಾ ಎತ್ತಿದ್ದು ಕಂಡಿತು.

ಓಡಿ ಹೋಗಿ ಆಕೆಯ ಕೈ ಹಿಡಿದು ಕುರಿಗಳ ಕಡೆ ಎಳೆದೆ. ಆಕೆ ಅಳುತ್ತ ನಗುತ್ತಿದ್ದಳು. "ಅಕ್ಕಾ, ನೀವು ಕರದು ತೋರಿಸಿದ್ರಿ! ಬ್ಯಾರೇದವರಿದ್ರ ಒಬ್ಬರs ನೋಡತಿದ್ರು."

ಅಕ್ಕಲಕೋಟದಲ್ಲಿ ಸಂಜೆಯ ಬಸ್ಸು ಹತ್ತಿ ಕೂತ ಮೇಲೆ, ಆಕೆ ಹತ್ತನೆಯ ಸಲ ಮಾಳಢೋಕದ ಫೋಟೋ ತೋರಿಸಿದಾಗ ತಡೆಯಲಾಗಲಿಲ್ಲ.

"ಪಕ್ಷಿ ತೋರಸಾಕ ನಾ ಕರೀಲಿಲ್ಲ ಸುನಂದಾ. ಅದನ್ನ ನಾ ಮುಚ್ಚಿಟ್ಟಿದ್ದೆ. ನಿನ್ನ ಹಿಂದ ಬಿಬಟ್ಯಾ ಕುಂತಿತ್ತು, ಅದಕ್ಕ ಒದರಿದೆ."

ಬಯ್ಯಲಿ ಎಂದು ಕಾದೆ. ಆಕೆ ನನ್ನತ್ತ ತಿರುಗಿ ಕೂತಳು.

"ಖರೇನ? ಬಿಬಟ್ಯಾ ಎಷ್ಟ ದೂರ ಇತ್ತು?"

"ಇಪ್ಪತ್ತ ಹೆಜ್ಜಿ."

"ಚಂದಗೆ ಕಂಡಿತೇನ ನಿಮಗ? ಪೂರಾ?"

"ಪೂರಾ ಕಂಡಿತು."

ಆಕೆ ಕ್ಯಾಮೆರಾ ಆರಿಸಿ ಚೀಲಕ್ಕೆ ಹಾಕಿದಳು. "ನಂಗೂ ಬಿಬಟ್ಯಾ ತೋರಸಬೇಕಿತ್ತಲ್ರಿ," ಎಂದು ಕಿಡಕಿಯ ಕಡೆ ಮುಖ ತಿರುಗಿಸಿದಳು. ಗಾಜಿನಲ್ಲಿ ಆಕೆಯ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಹೋದ ದೀಪಾವಳಿಯಿಂದ ನನ್ನ ಕನ್ನಡಿಯಲ್ಲಿ ಕಂಡದ್ದೇ. ರೊಟ್ಟಿ, ಶೇಂಗಾ ಚಟ್ನಿ ತೆಗೆದು ಆಕೆಯ ತೊಡೆಯ ಮೇಲಿಟ್ಟೆ. ಸೋಲಾಪುರ ಬರುವವರೆಗೂ ಆಕೆ ಮುಟ್ಟಲಿಲ್ಲ.