ಮೂವರಿಗೊಂದು ಇಮೇಲು

ಮೊದಲೇ ಹೇಳಿಬಿಡುತ್ತೇನೆ, ನನ್ನ ಜೀವನದ ಮೊದಲ ಇಮೇಲು ಪೂರ್ತಿ ನನ್ನದಾಗಿರಲಿಲ್ಲ. ಅದರಲ್ಲಿ ಒಂದು ಪಾಲು ಮಾತ್ರ ನನ್ನದು. ಉಳಿದೆರಡರಲ್ಲಿ ಒಂದು ನನ್ನ ಪ್ರೆಸ್ಸಿನ ಎದುರಿಗೆ ಸಿಮೆಂಟು ಕಬ್ಬಿಣ ಮಾರುವ ಮಲ್ಲಣ್ಣನದು, ಇನ್ನೊಂದು ಪಕ್ಕದಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಮಾರುವ ಖಾಜಾ ಭಾಯಿಯದು. ಹೊಲಕ್ಕೆ ಪಾಲುದಾರರಿರುತ್ತಾರೆ, ಬಾವಿಗೆ ಇರುತ್ತಾರೆ. ಇಮೇಲಿಗೆ ಇರಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ.

ಇದಕ್ಕೊಂದು ಪರಂಪರೆಯೂ ಇತ್ತೆನ್ನಿ. ತೊಂಬತ್ತರ ದಶಕದಲ್ಲಿ ಸೇಡಂ ಬಜಾರಿನ ನಮ್ಮ ಸಾಲಿಗೆಲ್ಲ ಫೋನು ಇದ್ದದ್ದು ಮಲ್ಲಣ್ಣನ ಅಂಗಡಿಯಲ್ಲಿ ಮಾತ್ರ. ಉಳಿದವರು ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಅವನ ನಂಬರು ಹಾಕಿಸಿ ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಫೋನು ನೆರೆಯವರದು, ಕರೆದು ಕೊಡುತ್ತಾರೆ ಎಂದು ಅದರ ಅರ್ಥ. ಕಾರ್ಡು ಅಚ್ಚು ಹಾಕುತ್ತಿದ್ದವನು ನಾನೇ ಆದ್ದರಿಂದ, ಅಚ್ಚಿನ ಮೊಳೆ ಸವೆಯುವಷ್ಟು ಪಿ.ಪಿ. ಹೊಡೆದಿದ್ದೇನೆ. ನಮ್ಮ ಮನೆಯ ಹೆರಿಗೆಯ ಸುದ್ದಿಗಳೂ ಮೊದಲು ಮಲ್ಲಣ್ಣನ ಕಿವಿಗೆ ಬಿದ್ದು, ಅವನು ಪೇಢೆ ಕೇಳಿದ ಮೇಲೆಯೇ ನನಗೆ ತಿಳಿಯುತ್ತಿದ್ದವು.

ಮುಂದೆ ಎಲ್ಲರ ಕೈಗೂ ಮೊಬೈಲ್ ಬಂತು. ಅದರ ಹಿಂದೆಯೇ, ನಮ್ಮ ಮೂವರ ತೆರಿಗೆ ಕೆಲಸ ನೋಡುತ್ತಿದ್ದ ಗುಲ್ಬರ್ಗಾದ ವಕೀಲರು, ರಿಟರ್ನ್ಸ್ ಇನ್ನು ಕಂಪ್ಯೂಟರಿನಲ್ಲೇ ತುಂಬಬೇಕು, ಒಂದು ಇಮೇಲ್ ಮಾಡಿಸಿರಿ ಎಂದರು. ಒಂದು ಅಂದರಲ್ಲ, ನಾವು ಒಂದೇ ಮಾಡಿಸಿದೆವು. ಪಾಸ್‌ವರ್ಡ್ ಯಾರ ಹೆಸರಿನದಾಗಬೇಕೆಂದು ಚರ್ಚೆಯಾಗಿ, ಯಾರಿಗೂ ಬೇಸರವಾಗದಿರಲೆಂದು ಓಣಿಯ ಚಹಾದಂಗಡಿಯ ಹೆಸರಿಟ್ಟೆವು.

ಆಷಾಢ ನನ್ನಂಥವನಿಗೆ ಏಕಾದಶಿಯ ತಿಂಗಳು. ಲಗ್ನವಿಲ್ಲ, ಲಗ್ನಪತ್ರಿಕೆಯಿಲ್ಲ. ಆ ವರ್ಷವಂತೂ ಕಷ್ಟವೇ ಇತ್ತು. ಕಾಲಿನಿಂದ ತುಳಿಯುವ ನನ್ನ ಹಳೆಯ ಮಶೀನು ಬಣ್ಣದ ಕಾರ್ಡು ಹೊಡೆಯುತ್ತಿರಲಿಲ್ಲ, ಗಿರಾಕಿಗಳು ಗುಲ್ಬರ್ಗಾದ ಬಸ್ಸು ಹತ್ತುತ್ತಿದ್ದರು. ಆಫ್‌ಸೆಟ್ ಮಶೀನಿಗೆಂದು ಹನಿ ಹನಿ ಕೂಡಿಸಿದ್ದೆಲ್ಲ ಬ್ಯಾಂಕಿನಲ್ಲಿತ್ತು. ಅದು ಹೋದರೆ ಪ್ರೆಸ್ಸಿಗೆ ಬೀಗ, ನಾನು ಯಾರದೋ ಅಂಗಡಿಯಲ್ಲಿ ಗುಮಾಸ್ತ.

ಅಂಥ ಆಷಾಢದಲ್ಲಿ, ರಿಟರ್ನ್ಸ್ ತುಂಬುವ ಗಡಿಬಿಡಿಯ ನಡುವೆ, ಬಜಾರಿನಲ್ಲಿ ಸೈಬರ್ ಕೆಫೆ ನಡೆಸುವ ಸುಮಂಗಲಕ್ಕನ ಕಂಪ್ಯೂಟರಿನಲ್ಲಿ ಆ ಮೇಲು ನೋಡಿದೆ. ‘ಪ್ರಿಯ ತೆರಿಗೆದಾರರೇ, ನೀವು ಹೆಚ್ಚು ಕಟ್ಟಿದ ತೆರಿಗೆ ಮರಳಿಸುತ್ತಿದ್ದೇವೆ’ ಎಂದು ಇಂಗ್ಲಿಷಿನಲ್ಲಿತ್ತು. ಖಾತೆ ನಂಬರು, ಎಟಿಎಂ ಕಾರ್ಡಿನ ನಂಬರು, ಅದರ ಗುಪ್ತ ನಂಬರು ತುಂಬಬೇಕು. ತಡಮಾಡಬಾರದು, ಯಾರಿಗೂ ಹೇಳಬಾರದು.

ನಾನು ಇತಿಹಾಸದ ಹುಚ್ಚಿರುವ ಮನುಷ್ಯ. ಹಿಂದೊಮ್ಮೆ ರಾಜಧಾನಿಯಾಗಿದ್ದ ಹತ್ತಿರದ ಮಳಖೇಡಕ್ಕೆ ಹೋಗಿ ಕೋಟೆಯ ಕಲ್ಲು ಸವರಿ ಬಂದವನು. ರಾಜರು ಸುಂಕ ಹಾಕಿದ ಶಾಸನ ಓದಿದ್ದೇನೆ, ದೊಡ್ಡ ಮನಸ್ಸು ಮಾಡಿ ಸುಂಕ ಬಿಟ್ಟದ್ದನ್ನೂ ಓದಿದ್ದೇನೆ. ವಸೂಲಾದ ಸುಂಕವನ್ನು ಮನೆ ಹುಡುಕಿಕೊಂಡು ಬಂದು ಮರಳಿ ಕೊಟ್ಟದ್ದನ್ನು ಮಾತ್ರ ಯಾವ ಕಲ್ಲಿನ ಮೇಲೂ ಕಂಡಿಲ್ಲ. ಆ ಜ್ಞಾನವೆಲ್ಲ ಅಂದು ಎಲ್ಲಿ ಹೋಗಿತ್ತೋ! ಹೆಸರಿಲ್ಲದ ಆ ‘ಪ್ರಿಯ’ ನಾನೇ ಎಂಬುದರಲ್ಲಿ ನನಗೆ ಸಂದೇಹವೇ ಬರಲಿಲ್ಲ. ಮನೆಯಲ್ಲೂ ಬಾಯಿ ಬಿಡದೆ, ಮರುದಿನ ಪಾಸ್‌ಬುಕ್ಕು, ಕಾರ್ಡು ಜೇಬಿಗೆ ಹಾಕಿಕೊಂಡು ಹೊರಟೆ.

ಸೈಬರಿನ ಬೆಂಚಿನ ಮೇಲೆ ಮಲ್ಲಣ್ಣ ಕೂತಿದ್ದ.

“ರೈಲಿನ ಟೈಮ್ ನೋಡಾಕ ಬಂದೀನ್ರಿ ಆಚಾರ್ರ,” ಎಂದ, ನಾನು ಕೇಳುವ ಮೊದಲೇ. ನಾನೂ ರೈಲಿಗೇ ಬಂದಿದ್ದೇನೆ ಎಂದೆ. ಅಷ್ಟರಲ್ಲಿ ಖಾಜಾ ಭಾಯಿ ಒಳಗೆ ಬಂದು, ನಮ್ಮನ್ನು ಕಂಡು, ಬಂದ ಕಾಲಲ್ಲೇ ತಿರುಗಿದ. ಅವನ ಅಂಗಿಯ ಜೇಬಿನಿಂದಲೂ ಪಾಸ್‌ಬುಕ್ಕಿನ ಮೂಗು ಇಣುಕುತ್ತಿತ್ತು.

ಸುಮಂಗಲಕ್ಕ ಮೊದಲು ಟೈಪಿಂಗ್ ಕಲಿಸುತ್ತಿದ್ದವರು, ಯಾರನ್ನೂ ಎದ್ದು ಹೋಗಲು ಬಿಡುವವರಲ್ಲ. “ಎಲ್ಲಿ ಹೊಂಟ್ರಿ ಭಾಯಿ? ಕುಂದ್ರಿ. ಮೂವರದೂ ಒಂದೇ ಮೇಲ್ ಅಲ್ಲೇನ್ರಿ? ಕರೆಂಟ್ ಇಲ್ಲ, ಬ್ಯಾಟರಿ ಮ್ಯಾಲ ಒಂದೇ ಕಂಪ್ಯೂಟರ್ ನಡ್ಯಾಕತ್ತದ. ಕೂಡೇ ನೋಡ್ರಿ,” ಎಂದು ತಾವೇ ತೆರೆದುಕೊಟ್ಟರು.

ಪರದೆಯ ಮೇಲೆ ನಮ್ಮ ಗುಟ್ಟು ಮೂಡಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಶುರುವಾಯಿತು ನೋಡಿ.

“ಹೆಚ್ಚಿಗಿ ಕಟ್ಟಿದಾಂವ ನಾನು. ಇದು ನಂದು,” ಎಂದ ಖಾಜಾ ಭಾಯಿ.

“ನಿಮ್ದು ಹ್ಯಾಂಗ ಆಗ್ತದ್ರಿ? ಮೇಲ್ ಮಾಡಸ್ಬೇಕಂತ ಓಡಾಡಿದಾಂವ ನಾನು,” ಎಂದ ಮಲ್ಲಣ್ಣ.

ನಾನು ‘ಪ್ರಿಯ’ ಎಂಬ ಪದದ ಮೇಲೆ ವಾದ ಹೂಡಿದೆ. ಬೇರೆಯವರಾಗಿದ್ದರೆ ಪರದೆಯನ್ನು ಸಂದೇಹಪಡುತ್ತಿದ್ದರು, ನಾವು ಒಬ್ಬರನ್ನೊಬ್ಬರು ಸಂದೇಹಪಟ್ಟೆವು. ಕೊನೆಗೆ ನ್ಯಾಯಕ್ಕಾಗಿ ವಕೀಲರಿಗೆ ಫೋನು ಹಚ್ಚಿ, ಈ ದುಡ್ಡು ನಮ್ಮೊಳಗೆ ಯಾರದು ಎಂದು ಕೇಳಿದೆವು.

“ಯಾರ್ದೂ ಅಲ್ಲ,” ಎಂದರು ವಕೀಲರು. “ನಿಮ್ಮ ಕಡಿಂದ ಟ್ಯಾಕ್ಸ್ ಕಟ್ಟಸೂದ್ರಾಗೇ ನನ್ನ ಕೂದ್ಲ ಬೆಳ್ಳಗಾಗ್ಯಾವ. ಒಂದು ಪೈಸಾನೂ ಹೆಚ್ಚಿಗಿ ಕಟ್ಟಿಲ್ಲ ನೀವು. ರಿಫಂಡ್ ಎಲ್ಲಿಂದ ಬರ್ತದ್ರಿ? ಯಾವ ಆಫೀಸಿನವರೂ ಎಟಿಎಂ ನಂಬರ್ ಕೇಳಂಗಿಲ್ಲ. ಏನರ ತುಂಬೀರೇನು?”

ತುಂಬಿರಲಿಲ್ಲ. ಜಗಳದಲ್ಲಿ ಅದಕ್ಕೆ ಪುರುಸೊತ್ತು ಎಲ್ಲಿತ್ತು? ಮಶೀನಿನ ದುಡ್ಡು ಉಳಿದದ್ದು ನನ್ನ ಬುದ್ಧಿಯಿಂದಲ್ಲ, ಇವರಿಬ್ಬರ ಆಸೆ ನನ್ನ ಆಸೆಗೆ ಅಡ್ಡ ಬಂದದ್ದರಿಂದ.

ವಕೀಲರು ಬೈದು, ಮೂವರಿಗೂ ಬೇರೆ ಬೇರೆ ಇಮೇಲು, ಬೇರೆ ಬೇರೆ ಪಾಸ್‌ವರ್ಡ್ ಮಾಡಿಸಿದರು. ಅದು ಸರಿಯಾದ ಮಾತೇ, ನೀವೂ ಹಾಗೇ ಮಾಡಿ. ಆದರೆ ಮರುವರ್ಷ ಅದೇ ಹೊತ್ತಿಗೆ, ಪ್ರೆಸ್ಸಿಗೆಂದು ಕೊಂಡ ಹಳೆಯ ಕಂಪ್ಯೂಟರಿನಲ್ಲಿ, ನನ್ನ ಸ್ವಂತ ಇಮೇಲಿಗೆ ಇನ್ನೊಂದು ಮೇಲು ಬಂತು. ಈ ಸಲ ‘ಪ್ರಿಯ’ ಇರಲಿಲ್ಲ. ‘ನಿಮ್ಮ ಪ್ಯಾನ್ ರದ್ದಾಗುತ್ತದೆ, ಖಾತೆ ಮುಚ್ಚುತ್ತದೆ, ಕೂಡಲೇ ವಿವರ ತುಂಬಿ’ ಎಂದಿತ್ತು. ಮಶೀನು ಬುಕ್ ಮಾಡಿಯಾಗಿತ್ತು, ದುಡ್ಡು ಇನ್ನೂ ಖಾತೆಯಲ್ಲೇ ಇತ್ತು. ಸುಳ್ಳೇ ಇರಬೇಕೆಂದು ಮನಸ್ಸು ಹೇಳಿತು. ನಿಜವಾಗಿದ್ದರೆ ಎಂದು ಹೊಟ್ಟೆ ಹೇಳಿತು. ಆಸೆ ನಾಲ್ಕು ಜನರ ಮುಂದೆ ನಾಚುತ್ತದೆ, ಒಬ್ಬಂಟಿಯ ಹೆದರಿಕೆಗೆ ನಾಚಿಕೆಯೂ ಇಲ್ಲ. ಕೈ ತಾನಾಗಿ ಜೇಬಿಗೆ ಹೋಗಿ ಕಾರ್ಡು ಹೊರತೆಗೆದಿತ್ತು.

ಅದನ್ನು ಹಿಡಿದುಕೊಂಡೇ ಎದ್ದು ಪ್ರೆಸ್ಸಿನ ಹೊರಗೆ ಬಂದು ಎದುರಿನ ಅಂಗಡಿಗೆ ಕೂಗಿದೆ.

“ಮಲ್ಲಣ್ಣ, ಒಂದು ಮೇಲ್ ಬಂದದ. ನನಗೊಬ್ಬನಿಗೇ ಬಂದದ. ಅಂಜಿಕಿ ಆಗಾಕತ್ತದ, ಜರಾ ಬರ್ರಿ.”

ಮಲ್ಲಣ್ಣ ಗಿರಾಕಿಯನ್ನು ಬಿಟ್ಟು, ಖಾಜಾ ಭಾಯಿಯನ್ನೂ ಎಬ್ಬಿಸಿಕೊಂಡು ಬಂದ. ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದ. ಅರ್ಧ ಅರ್ಥವಾಗಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ನನ್ನ ಕೈಯಲ್ಲಿದ್ದ ಕಾರ್ಡನ್ನೊಮ್ಮೆ ನೋಡಿ, ಟೇಬಲ್ ಗುದ್ದಿ, ಹೋದ ವರ್ಷದ ಜಗಳದ ದನಿಯಲ್ಲೇ ಹೇಳಿದ:

“ಇದು ನಂದು ಅದ್ರಿ ಆಚಾರ್ರ. ನೀವು ಹ್ಯಾಂಗ ತುಂಬ್ತೀರಿ?”

“ಹೋಗ್ರಿ ಮಲ್ಲಣ್ಣ,” ಎಂದ ಖಾಜಾ ಭಾಯಿ, ಕುರ್ಚಿ ಎಳೆದುಕೊಳ್ಳುತ್ತ. “ನಂದು ಅದ.”