ಮನೆಗೊಂದು ಅವರೆಕಾಳು

ಕೆರಗೋಡಿನ ಕಡೆಯ ನಮ್ಮೂರಲ್ಲಿ ಪಂಚಾಯಿತಿ ಎಲೆಕ್ಷನ್ನಿಗೆ ಮುಂಚೆ ಊರೇ ಒಂದು ಎಲೆಕ್ಷನ್ ಮಾಡಿಕೊಳ್ಳುತ್ತದೆ. ಮಾರಮ್ಮನ ಗುಡಿಯೊಳಗೆ ಎರಡು ಮಡಕೆ ಇಡುತ್ತಾರೆ. ಮನೆಗೊಂದು ಅವರೆಕಾಳು. ಯಾವ ಪಾರ್ಟಿಯ ಮನೆಯಾದರೂ ಸರಿ, ಮನೆ ಯಜಮಾನರು ಒಬ್ಬೊಬ್ಬರೇ ಒಳಗೆ ಹೋಗಿ ಬೇಕಾದವರ ಮಡಕೆಗೆ ಹಾಕಿ ಬರಬೇಕು. ಹೆಚ್ಚು ಕಾಳು ಬಿದ್ದವರೊಬ್ಬರೇ ನಾಮಿನೇಷನ್ ಹಾಕುತ್ತಾರೆ. ಇನ್ನೊಬ್ಬರು ಸುಮ್ಮನಿರಬೇಕು.

ಹೋದ ಸಲ ಮೆಂಬರ್ ಸೀಟು ಹೆಂಗಸರಿಗೆ ಮೀಸಲಾಗಿತ್ತು. ಕೆಳಗಲ ಬೀದಿಯ ಒಬ್ಬ ಸೊಸೆ ಮೆಂಬರಾದಳು. ಅವಳದು ನಮ್ಮ ಪಾರ್ಟಿಯಲ್ಲ, ನಾನು ಅವಳಿಗೆ ಕಾಳು ಹಾಕಿರಲೂ ಇಲ್ಲ. ಆದರೂ ಅವಳು ಮೊದಲು ನಲ್ಲಿ ಹಾಕಿಸಿದ್ದು ನಮ್ಮ ಮೇಗಲ ಬೀದಿಗೆ. ಅಲ್ಲಿಯವರೆಗೆ ನಾಲೆ ಪಕ್ಕದ ಬೋರಿನಿಂದ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು. ಯಾಕೆಂದು ಯಾರೂ ಕೇಳಿರಲಿಲ್ಲ, ದೇವರೂ.

ಈ ಸಲ ಸೀಟು ಜನರಲ್ ಆಯಿತು. ಗಂಡಸರಿಗೆ ಜೀವ ಬಂತು. ಇನ್ನು ಹೆಂಗಸು ಯಾಕೆ, ಮನೆಯಲ್ಲಿರಲಿ ಎಂದು ಕಟ್ಟೆಯ ಮೇಲೆ ಮಾತಾಯಿತು. ನನ್ನ ಮೈದುನನೇ ಅವಳೆದುರು ನಿಂತ. ಅದೇ ವಾರ ನಲ್ಲಿಯ ವಾಲ್ವು ಕೆಟ್ಟು ನೀರು ನಿಂತಿತು. ನೀರು ಬಿಡುವ ನೀರಗಂಟಿ ಮೈದುನನ ಕಡೆಯವನು, ಬರಲಿಲ್ಲ. ಮೆಂಬರಮ್ಮ ಸೆರಗು ಸಿಕ್ಕಿಸಿ ತಾನೇ ಗುಂಡಿಗಿಳಿದಳು. ಮೊಣಕೈವರೆಗೆ ಕೆಸರು.

"ಓಟ್ ಕೇಳಕ್ ಬಂದಿಲ್ಲ ಕಣಜ್ಜಿ, ನೀರ್ ಬತ್ತದಾ ನೋಡು" ಎಂದು ನನಗೆ ಅಂದಳು.

ನೀರು ಬಂತು.

ಕಾಳು ಹಾಕುವ ದಿನವೇ ಫ್ಯಾಕ್ಟರಿಯಿಂದ ನಮ್ಮೂರಿಗೆ ಕಬ್ಬು ಕಟಾವಿನ ಸರದಿ ಬಂತು. ಸರದಿ ತಪ್ಪಿದರೆ ಕಬ್ಬು ಗದ್ದೆಯಲ್ಲೇ ಒಣಗುತ್ತದೆ. ಮಾರಮ್ಮನ ಮುಂದೆ ಇಟ್ಟ ದಿನವನ್ನೂ ಬದಲಿಸುವಂತಿಲ್ಲ. ಮನೆಯ ಯಾರ ಕೈಯಾದರೇನು, ಹೆಂಗಸರೇ ಹಾಕಿ ಬರಲಿ ಎಂದವನು ಮೈದುನನೇ. ಗಂಡಸರೆಲ್ಲ ಹೆಂಡಿರ ಕೈಗೆ ಕಾಳು ಕೊಟ್ಟು, ಹಾಕಬೇಕಾದ ಮಡಕೆ ಹೇಳಿ ಗದ್ದೆಗೆ ಹೋದರು. ನಾನು ಗಂಡ ಸತ್ತವಳು, ನನ್ನ ಕಾಳು ನನ್ನದೇ. ಆದರೂ ಮೈದುನ ಬಾಗಿಲಿಗೆ ಬಂದ.

"ಅತ್ಗೆ, ನಂದು ಸುಣ್ಣ ಬಳ್ದಿರೋ ಮಡ್ಕೆ. ಮರ್ತ್‌ಬುಟ್ಟೀಯೆ ಕಣಮ್ಮ."

ಮರೆಯುವ ಮಾತೇ ಇಲ್ಲ ಎಂದೆ.

ಅಂದು ಗುಡಿಯ ಸಾಲಿನಲ್ಲಿ ನಿಂತವರೆಲ್ಲ ನೀರು ಹೊತ್ತು ಸವೆದವರೇ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮೈದುನನ ಹೆಂಡತಿ ಮುಷ್ಟಿ ಬಿಗಿದುಕೊಂಡು ಒಳಗೆ ಹೋಗಿ ಬಂದಳು. ನನ್ನ ಮುಖ ನೋಡಲಿಲ್ಲ. ಆಮೇಲೆ ಪೂಜಾರಿ ಮಡಕೆಗಳನ್ನು ಬಾಳೆಲೆಯ ಮೇಲೆ ಬೋರಲು ಹಾಕಿದ. ಮೆಂಬರಮ್ಮನ ಅರಿಶಿನದ ಮಡಕೆಯ ಕಾಳು ಎಲೆಯಿಂದಾಚೆ ಚೆಲ್ಲಿತು. ಸುಣ್ಣದ ಮಡಕೆಯದು ಒಂದು ಹೊತ್ತಿನ ಸಾರಿಗೂ ಸಾಲುವಂತಿರಲಿಲ್ಲ. ಊರ ಮಾತು ಊರ ಮಾತೇ. ಅವಳೊಬ್ಬಳೇ ನಾಮಿನೇಷನ್ ಹಾಕುವುದು ಖಾತ್ರಿಯಾಯಿತು, ಮುಂದೆ ಎದುರಾಳಿ ಇಲ್ಲದೆ ಮತ್ತೆ ಮೆಂಬರೂ ಆದಳು. ನಾನು ಮಾರಮ್ಮನಿಗೊಂದು ಕಾಯಿ ಒಡೆದೆ. ಆ ಸರದಿ ಹಾಕಿದ ಪುಣ್ಯಾತ್ಮ ಯಾರೋ, ಅವನೂ ಚೆನ್ನಾಗಿರಲಿ ಎಂದೆ.

ಆ ಸಂಜೆ ಮೈದುನ ಮೈತುಂಬ ಕಬ್ಬಿನ ಸುಂಕು ಹತ್ತಿಸಿಕೊಂಡು, ಕೆರೆದುಕೊಳ್ಳುತ್ತ ಗದ್ದೆಯಿಂದ ನೇರ ನನ್ನ ಬಾಗಿಲಿಗೆ ಬಂದ.

"ಅತ್ಗೆ, ದಿಟ ಏಳು. ಯಾರ್ಗಾಕ್ದೆ?"

"ಮೊದ್ಲು ಕೈಕಾಲ್ ತೊಳ್ಕೊ ಕಣ್ಲಾ. ನಲ್ಲೀಲಿ ನೀರ್ ಬತ್ತಾ ಅದೆ."

ಅವನು ಹೋಗಿ ನಲ್ಲಿ ತಿರುಗಿಸಿದ.