ದೊಡ್ಡಪ್ಪನ ರಾಜದೋಷಗಳು

ಮುದ್ದೇಬಿಹಾಳದ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತೇನೆ. ಒಂದು ರವಿವಾರ ಇಂಡಿ ಊರಿನ ದೊಡ್ಡಪ್ಪನ ಮನೆಯಲ್ಲಿ ಊಟಕ್ಕೆ ಕುಳಿತಾಗ, ಬೈಬಲ್ ಬರೆದವರು ತಮ್ಮ ಅರಸರನ್ನು ಹೇಗೆ ತೋರಿಸಿದ್ದಾರೆ ಎಂಬ ಮಾತು ಬಂತು. ನಮ್ಮ ಶಾಸನಗಳಲ್ಲಿ ಅರಸರೆಲ್ಲ ಶೂರರು, ದಾನಿಗಳು. ಅಲ್ಲಿ ಹಾಗಲ್ಲ. ದೇವರು ಮೆಚ್ಚಿದ ರಾಜನೇ ಪರರ ಹೆಂಡತಿಗೆ ಆಸೆಪಟ್ಟು, ಆಕೆಯ ಗಂಡನನ್ನು ಯುದ್ಧಕ್ಕೆ ಕಳಿಸಿ ಸಾಯಿಸುತ್ತಾನೆ. ಇನ್ನೊಬ್ಬ ರಾಜ ಪಕ್ಕದವನ ದ್ರಾಕ್ಷಿತೋಟ ಸಿಗಲಿಲ್ಲವೆಂದು ಊಟ ಬಿಟ್ಟು ಮುಖ ತಿರುಗಿಸಿ ಮಲಗುತ್ತಾನೆ; ಕಡೆಗೆ ಆ ತೋಟ ಕಸಿದುಕೊಳ್ಳುತ್ತಾನೆ. ಬರೆದವರು ಏನನ್ನೂ ಮುಚ್ಚಿಡಲಿಲ್ಲ ಎಂದೆ.

ದೊಡ್ಡಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಎಪ್ಪತ್ತು ತುಂಬಿದ್ದಕ್ಕೆ ಮುಂದಿನ ವಾರವೇ ಊರವರಿಂದ ಅವರ ಸನ್ಮಾನವಿತ್ತು.

"ನನಗೂ ಹಂಗ ಆಗಬೇಕು. ಬರೇ ಹೊಗಳಿದ್ರ ಯಾರು ನಂಬ್ತಾರ? ತಪ್ಪೂ ಹೇಳ್ರಿ."

ಕಲ್ಯಾಣ ಮಂಟಪದಲ್ಲಿ ಶಾಲು, ಹಾರ ಮುಗಿದ ಮೇಲೆ ತಾವೇ ಮೈಕು ಹಿಡಿದು, ತಮ್ಮ ತಪ್ಪು ಹೇಳಲು ಜನರನ್ನು ಕರೆದರು. ಮೊದಲು ಸಿಂದಗಿಯ ಬೀಗರು ಎದ್ದರು.

"ನಾವಿನ್ನೂ ಕುಂತಿರತೇವಿ, ಇವರು ಫ್ಯಾನ್ ಬಂದ್ ಮಾಡ್ತಾರ್ರಿ."

ಸಭೆ ನಕ್ಕಿತು. ಆಮೇಲೆ ಮೈಕಿನ ಮುಂದೆ ಸಾಲೇ ನಿಂತಿತು. ಇಸ್ಪೀಟಿನಲ್ಲಿ ಎಲೆ ಬಚ್ಚಿಡುತ್ತಾರೆ, ಓದಲು ಒಯ್ದ ಪೇಪರ್ ತಿರುಗಿ ಕೊಡುವುದಿಲ್ಲ, ಮದುವೆಯಲ್ಲಿ ಕರ್ಚೀಫಿನೊಳಗೆ ಹೋಳಿಗೆ ಕಟ್ಟಿಕೊಳ್ಳುತ್ತಾರೆ.

ದೊಡ್ಡಪ್ಪನ ಮುಖ ಇಳಿಯಿತು. ನನ್ನ ಕಡೆ ಬಾಗಿ, "ಇವೇನ್ ತಪ್ಪು, ಯವ್ವಾ? ರಾಜಾ ಮಾಡೂವಂಥಾದ್ದು ಒಂದರ ಐತೇನು?" ಅಂದರು. ನನಗೆ ನಿಜಕ್ಕೂ ಅಯ್ಯೋ ಅನಿಸಿತು.

ತಟ್ಟನೆ ಮೈಕು ಕಸಿದುಕೊಂಡರು. "ಇವರಿಗೇನೂ ಗೊತ್ತಿಲ್ಲ. ಹರೇದಾಗ ನಾ ಚಡಚಣದಾಗ ಒಬ್ಬಾಂವನ ದ್ರಾಕ್ಷಿ ತ್ವಾಟ ಕಸಗೊಂಡೇನಿ!"

ಮುಂದಿನ ಸಾಲಿನಲ್ಲಿದ್ದ ದೊಡ್ಡವ್ವ ಕೇಳಿದರು: "ಅಲ್ರೀ, ದ್ರಾಕ್ಷಿ ತಿಂದ್ರ ನಿಮಗ ನೆಗಡಿ ಆಗತೈತಿ. ತ್ವಾಟ ತಗೊಂಡು ಏನ್ ಮಾಡಿದ್ರಿ?"

ಸುದ್ದಿ ಹೇಗೆ ಮುಟ್ಟಿತೋ, ಕೆಲವೇ ದಿನಗಳಲ್ಲಿ ಚಡಚಣದಿಂದ ಇಬ್ಬರು ಅಣ್ಣತಮ್ಮಂದಿರು ಬಂದರು. ಆ ತೋಟ ತಮ್ಮ ಅಪ್ಪನದಂತೆ, ತಿರುಗಿ ಬೇಕಂತೆ. ದೊಡ್ಡಪ್ಪ ಅವರನ್ನು ಊಟಕ್ಕೆ ಕೂರಿಸಿದರು. ತೋಟ ಹಳ್ಳದ ಆಚೆ ಇತ್ತೆಂದು ಅಣ್ಣ, ಈಚೆ ಇತ್ತೆಂದು ತಮ್ಮ. ಜಗಳ ಏರಿತು.

"ಎರಡೂ ನಾನ ಕಸಗೊಂಡಿರಬೇಕು" ಎಂದರು ದೊಡ್ಡಪ್ಪ, ಗಂಭೀರವಾಗಿ.

ದೊಡ್ಡವ್ವ ಇಬ್ಬರಿಗೂ ಮತ್ತೊಂದು ರೊಟ್ಟಿ ಬಡಿಸಿದರು. ಸಂಜೆ ಬಸ್ಸಿಗೆ ಹೊರಟಾಗ ಆ ಇಬ್ಬರೂ ತೋಟದ ಮಾತು ಬಿಟ್ಟು, ಅರಸನಿಗೆ ಮಾಡುವಂತೆ ದೊಡ್ಡಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದರು.